ಮನಸ್ಸಿನ ಒರತೆ



ನಮ್ಮ ಕನ್ನಡದಲ್ಲಿ 'ಸಾಕು' ಎಂಬುದೊಂದು ಪುಟ್ಟ ಮಾತುಂಟು. ಹಬ್ಬದ ಊಟಕ್ಕೆ ಕುಳಿತವನು ಎಲೆಯ ಮೇಲೆ ಕೈಯಡ್ಡ ಹಿಡಿದು "ಸಾಕು, ಸಾಕು" ಎಂದರೆ ಅದು ತೃಪ್ತಿಯ ಮಾತು. ಅದೇ ಮನುಷ್ಯನು ಸಂಜೆ ಕಚೇರಿಯಿಂದ ಹಿಂದಿರುಗಿ, ಬಾಗಿಲಲ್ಲಿ ಚಪ್ಪಲಿ ಕಳಚುತ್ತ, "ಸಾಕಪ್ಪಾ, ಸಾಕಾಗಿಹೋಯಿತು" ಎಂದರೆ ಅದು ಬೇರೆಯ ಮಾತು. ಮೊದಲನೆಯದು ತುಂಬಿದುದರ ಗುರುತು. ಎರಡನೆಯದು ಬರಿದಾದುದರ ಗುರುತು. ಈ ಎರಡನೆಯ 'ಸಾಕ'ನ್ನು ಕುರಿತು ಈ ಸಂಜೆ ತಮ್ಮಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು. ಈ ವಿಷಯವನ್ನು ಕುರಿತು ಮಾತನಾಡಲು ನನಗಿರುವ ಅರ್ಹತೆಯೆಂದರೆ, ಒಮ್ಮೆ ನಾನೂ ಹೀಗೆ ಬರಿದಾಗಿದ್ದೆನೆಂಬುದೊಂದೇ.

ಬಹಳ ವರ್ಷಗಳ ಹಿಂದಿನ ಸಂಗತಿ. ಪರೀಕ್ಷೆಗಳು ಹತ್ತಿರವಾಗಿದ್ದ ಕಾಲ. ನಮ್ಮಲ್ಲಿದ್ದ ಉಪಾಧ್ಯಾಯರೊಬ್ಬರಿಗೆ ವರ್ಗವಾಗಿ, ಅವರ ತರಗತಿಗಳೂ ನನ್ನ ಪಾಲಿಗೆ ಬಂದಿದ್ದವು. ಮನೆಯಲ್ಲಿ ತಂದೆಯವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹೀಗಿರಲು ಒಂದು ಬೆಳಗ್ಗೆ, ನಾಲ್ಕು ದಿನ ಶಾಲೆಗೆ ಬಾರದಿದ್ದ ಹುಡುಗನೊಬ್ಬನು ನನ್ನ ಮೇಜಿನ ಬಳಿ ಬಂದು ನಿಂತನು. ನಾನು ತಲೆಯೆತ್ತದೆಯೇ "ರಜದ ಅರ್ಜಿ ಎಲ್ಲಿ?" ಎಂದೆ. ಅವನು ಅರ್ಜಿಯನ್ನು ಮುಂದಿಟ್ಟನು. ತನ್ನ ಕೈಯಿಂದಲೇ ಬರೆದದ್ದು. ಕೆಳಗೆ ತಾಯಿಯ ಸಹಿ. ತನ್ನ ತಂದೆಯವರು ದೈವಾಧೀನರಾದುದರಿಂದ ಶಾಲೆಗೆ ಬರಲಾಗಲಿಲ್ಲವೆಂದು ಅದರಲ್ಲಿತ್ತು. 'ದೈವಾಧೀನ' ಎಂಬ ಪದದಲ್ಲಿ ಮಹಾಪ್ರಾಣವಿರಬೇಕಾದ ಕಡೆ ಹುಡುಗನು ಅಲ್ಪಪ್ರಾಣವನ್ನು ಬರೆದಿದ್ದನು. ನಾನು ಕೆಂಪು ಶಾಯಿಯ ಲೇಖನಿಯಿಂದ ಅದನ್ನು ತಿದ್ದಿ, "ಹೋಗಿ ಕೂತುಕೋ" ಎಂದೆ.

ಆ ಗಳಿಗೆಯಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಸಂಜೆ ಕೊಠಡಿಗಳ ಬಾಗಿಲು ಹಾಕಲು ಬಂದ ಜವಾನನು "ಆ ಹುಡುಗನ ತಂದೆ ಹೋಗಿಬಿಟ್ಟರಂತೆ, ಪಾಪ, ಸ್ವಾಮಿ" ಎಂದಾಗ "ಹೌದು, ಗೊತ್ತು" ಎಂದೆ. ಹಾಗೆಂದ ನನ್ನ ಧ್ವನಿ ನನಗೇ ಕೇಳಿಸಿತು. ಕಟ್ಟಿಗೆಯನ್ನು ಕಟ್ಟಿಗೆಗೆ ಬಡಿದಂತಹ ಧ್ವನಿ. ಈ ಕಲ್ಲುಮನಸ್ಸು ನನಗೆ ಎಂದಿನಿಂದ ಬಂದಿತೆಂದು ಆ ರಾತ್ರಿಯೆಲ್ಲ ಯೋಚಿಸಿದೆ. ನಾನು ಕೆಟ್ಟವನಾದೆನೆಂದೇ ತೀರ್ಮಾನಿಸಿದೆ. ಆ ತೀರ್ಮಾನ ತಪ್ಪೆಂಬುದು ಬಹಳ ಕಾಲದ ಮೇಲೆ ತಿಳಿಯಿತು.

ಮನುಷ್ಯನ ದಣಿವನ್ನು ಯಂತ್ರದಿಂದ ಅಳೆಯಲು ಹೊರಟವರಲ್ಲಿ ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಪ್ರಸಿದ್ಧನು. ದಣಿವನ್ನು ಕುರಿತ ಅವನ ಗ್ರಂಥ 1891ರಲ್ಲಿ ಪ್ರಕಟವಾಯಿತು. ನಡುಬೆರಳಿಗೆ ಭಾರವನ್ನು ಕಟ್ಟಿ, ಬೆರಳು ಅದನ್ನು ಮತ್ತೆ ಮತ್ತೆ ಎತ್ತುತ್ತ ಎತ್ತುತ್ತ ಸೋಲುವುದನ್ನು ರೇಖೆಗಳಲ್ಲಿ ಬರೆದಿಡುವ ಉಪಕರಣವೊಂದನ್ನು ಅವನು ನಿರ್ಮಿಸಿದ್ದನು. ಅವನ ಸಹೋದ್ಯೋಗಿಯೊಬ್ಬನು ವಿದ್ಯಾರ್ಥಿಗಳಿಗೆ ಬಾಯಿಪರೀಕ್ಷೆ ನಡೆಸಿಬಂದ ಮೇಲೆ ಬೆರಳನ್ನು ಉಪಕರಣಕ್ಕೆ ಕೊಟ್ಟಾಗ, ಅದರ ಶಕ್ತಿ ಮೊದಲಿಗಿಂತ ಕುಂದಿದುದು ಕಂಡುಬಂದಿತು. ಆ ಬೆರಳು ಮಾಡಿದ ಕೆಲಸ ಏನೂ ಇರಲಿಲ್ಲ. ಪ್ರಶ್ನೆ ಕೇಳಿದ್ದು ನಾಲಗೆ, ಉತ್ತರಗಳನ್ನು ತೂಗಿದ್ದು ತಲೆ. ಆದರೂ ಸೋತದ್ದು ಬೆರಳು. ಮನಸ್ಸಿನ ಶ್ರಮ ಮೈಯನ್ನೂ ಮುಟ್ಟುತ್ತದೆಂಬುದಕ್ಕೆ ಇದೊಂದು ಸಾಕ್ಷಿ. ಪರೀಕ್ಷೆಯಿಂದ ಬಳಲುವವರು ವಿದ್ಯಾರ್ಥಿಗಳಷ್ಟೇ ಅಲ್ಲವೆಂಬುದಕ್ಕೂ ಸಾಕ್ಷಿಯೆಂದು ನಮ್ಮ ವೃತ್ತಿಯವರು ಹೇಳಿಕೊಳ್ಳಬಹುದು.

ಆದರೆ ಇಂತಹ ದಣಿವಿಗೆ ಮದ್ದು ಸುಲಭ. ಒಂದು ಊಟ, ಒಂದು ರಾತ್ರಿಯ ನಿದ್ರೆ, ಹೆಚ್ಚೆಂದರೆ ಎರಡು ದಿನಗಳ ಬಿಡುವು ಸಿಕ್ಕಿದರೆ ಅದು ಕಳೆಯುತ್ತದೆ. ನಾನು ಹೇಳಹೊರಟದ್ದು ನಿದ್ರೆಯಿಂದ ಕಳೆಯದ ಬಳಲಿಕೆಯನ್ನು. ಹಳ್ಳಿಯ ಸೇದುವ ಬಾವಿಯನ್ನು ತಾವು ನೋಡಿರುತ್ತೀರಿ. ಊರವರೆಲ್ಲ ಹಗಲೆಲ್ಲ ಸೇದಿದರೂ ರಾತ್ರಿ ಒರತೆ ಒಸರಿ, ಬೆಳಗಾಗುವುದರೊಳಗೆ ನೀರು ಮತ್ತೆ ಮೇಲಕ್ಕೆ ಬಂದಿರುತ್ತದೆ. ಹಗಲೂ ರಾತ್ರಿಯೂ ಬಿಡದೆ ಸೇದಿದರೆ ಕೊಡದಲ್ಲಿ ಕೆಸರು ಬರುತ್ತದೆ. ಆಗ ಬಾವಿಯನ್ನು ಬೈದು ಫಲವಿಲ್ಲ. ಒರತೆಗೆ ಅವಕಾಶ ಕೊಡಲಿಲ್ಲವೆಂದಷ್ಟೇ ಅದರ ಅರ್ಥ.

ಈ ಸ್ಥಿತಿಗೆ ಶಾಸ್ತ್ರದಲ್ಲಿ ಒಂದು ಹೆಸರು ಬಂದು ನಿಂತದ್ದು 1974ರಲ್ಲಿ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬವನು ಹಗಲು ತನ್ನ ವೃತ್ತಿಯನ್ನು ಮುಗಿಸಿ, ಸಂಜೆಯಿಂದ ಬಡವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದನು. ಅಲ್ಲಿ ಸೇವೆಗೆಂದು ಉತ್ಸಾಹದಿಂದ ಬಂದವರು ಕಾಲ ಕಳೆದಂತೆ ಸಿಡುಕರಾಗಿ, ಯಾವುದರಲ್ಲಿಯೂ ನಂಬಿಕೆಯಿಲ್ಲದವರಾಗಿ ಮಾರ್ಪಡುವುದನ್ನು ಕಂಡು, ಅದನ್ನು 'ಉರಿದುಹೋಗುವಿಕೆ' ಎಂಬ ಅರ್ಥದ ಮಾತಿನಿಂದ ವರ್ಣಿಸಿದನು. ಅವನು ಸ್ವತಃ ಅದಕ್ಕೆ ಸಿಕ್ಕಿದವನೇ. ಹೆಂಡತಿ ಮಕ್ಕಳೊಡನೆ ಪ್ರವಾಸ ಹೊರಡಬೇಕಾಗಿದ್ದ ದಿನ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಧ್ವನಿಮುದ್ರಣ ಯಂತ್ರದ ಮುಂದೆ ಆಡಿ, ಅನಂತರ ಅದನ್ನು ತಾನೇ ಕೇಳಿದನಂತೆ. ಇದನ್ನು ಓದಿದಾಗ ನನಗೆ ನಮ್ಮ ಶಾಲೆಯ ಆ ಸಂಜೆ ನೆನಪಾಯಿತು. ಒಮ್ಮೊಮ್ಮೆ ನಮ್ಮ ಸ್ಥಿತಿಯನ್ನು ನಮಗೆ ತಿಳಿಸುವುದು ನಮ್ಮ ಧ್ವನಿಯೇ.

ಮುಂದೆ ಕ್ಯಾಲಿಫೋರ್ನಿಯದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ವಿದುಷಿ ಸೂಸನ್ ಜ್ಯಾಕ್ಸನ್ ಎಂಬಾಕೆಯೊಡನೆ ಕೂಡಿ 1981ರಲ್ಲಿ 22 ಅಂಶಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದಳು. ಜನರ ನಡುವೆ ನಿಂತು ಸೇವೆ ಮಾಡುವವರಿಗಾಗಿ ಅದು ಸಿದ್ಧವಾದದ್ದು. ಅದು ಮೂರು ಲಕ್ಷಣಗಳನ್ನು ಹುಡುಕುತ್ತದೆ. ಮೊದಲನೆಯದು, ಇನ್ನು ಯಾರಿಗೂ ಕೊಡಲು ನನ್ನಲ್ಲಿ ಏನೂ ಉಳಿದಿಲ್ಲವೆಂಬ ಬಳಲಿಕೆ. ಎರಡನೆಯದು, ಎದುರಿಗಿರುವ ಮನುಷ್ಯನು ಮನುಷ್ಯನಾಗಿ ಕಾಣದಿರುವುದು. ವೈದ್ಯನಿಗೆ ರೋಗಿಯು 'ಏಳನೆಯ ನಂಬರಿನ ಹಾಸಿಗೆ' ಆಗುತ್ತಾನೆ; ಗುಮಾಸ್ತನಿಗೆ ಅರ್ಜಿದಾರನು ಒಂದು ಫೈಲು ಆಗುತ್ತಾನೆ; ನನಗೆ ತಂದೆಯನ್ನು ಕಳೆದುಕೊಂಡ ಬಾಲಕನು ಒಂದು ಅಕ್ಷರದೋಷವಾದನು. ಮೂರನೆಯದು, ನಾನು ಏನು ಮಾಡಿದರೂ ಅಷ್ಟೆ, ನನ್ನ ಕೆಲಸದಿಂದ ಯಾರಿಗೂ ಏನೂ ಆಗುವುದಿಲ್ಲವೆಂಬ ನಿರಾಶೆ.

ಈ ಮೂರರಲ್ಲಿ ಎರಡನೆಯದನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಬಳಲಿಕೆಯನ್ನು ನಾವು ಬಲ್ಲೆವು. ಅದರ ಬಗ್ಗೆ ಎಲ್ಲರೊಡನೆಯೂ ಹೇಳಿಕೊಳ್ಳುತ್ತೇವೆ. ಆದರೆ ಕರುಣೆ ಬತ್ತಿದುದು ನಮಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಅದನ್ನು ನಾವು ಶಿಸ್ತು ಎಂದುಕೊಳ್ಳುತ್ತೇವೆ, ಅನುಭವ ಎಂದುಕೊಳ್ಳುತ್ತೇವೆ, "ಲೋಕವನ್ನು ಕಂಡವನು ನಾನು" ಎಂದು ಬೀಗುವುದೂ ಉಂಟು. ಇತರರ ದುಃಖವನ್ನು ಕೇಳುತ್ತಿರುವಾಗ 'ಇವರು ಬೇಗ ಮುಗಿಸಬಾರದೆ?' ಎಂದು ಮನಸ್ಸಿಗೆ ಬರುವುದು, ಮೊದಲು ನಗಿಸುತ್ತಿದ್ದ ಮಗುವಿನ ಮಾತು ಕಿರಿಕಿರಿಯಾಗುವುದು, ಭಾನುವಾರದ ಮಧ್ಯಾಹ್ನವೇ ಸೋಮವಾರದ ನೆನಪಿನಿಂದ ಎದೆ ಭಾರವಾಗುವುದು, ಸಣ್ಣ ಪತ್ರವೊಂದಕ್ಕೆ ಉತ್ತರ ಬರೆಯಲು ಮೂರು ದಿನ ಹಿಂಜರಿಯುವುದು: ಇವೆಲ್ಲ ಒರತೆ ಕುಗ್ಗುತ್ತಿರುವುದರ ಸೂಚನೆಗಳು.

ಇದು ಸೋಮಾರಿಗೆ ಬರುವ ಕಷ್ಟವಲ್ಲವೆಂಬುದನ್ನೂ ಹೇಳಬೇಕು. ಕೊಡದವನ ಬಾವಿ ಬತ್ತುವುದಿಲ್ಲ. ಯಾರು ಮನಸ್ಸಿಟ್ಟು ದುಡಿಯುತ್ತಾರೋ, ತಮ್ಮ ಭಾವವನ್ನೇ ಕೆಲಸದ ಸಾಧನವಾಗಿ ಮಾಡಿಕೊಂಡಿರುತ್ತಾರೋ, ಅವರಿಗೇ ಇದರ ಅಪಾಯ ಹೆಚ್ಚು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮಾನದ ಪರಿಚಾರಿಕೆಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಳು. ಒಬ್ಬರು ಕೋಪ ಬಂದಾಗಲೂ ನಗಬೇಕು. ಇನ್ನೊಬ್ಬರು ಕನಿಕರ ಬಂದಾಗಲೂ ಗದರಬೇಕು. ಇಬ್ಬರೂ ಸಂಬಳಕ್ಕಾಗಿ ಮುಖದ ಭಾವವನ್ನು ಮಾರುವವರೇ. ಒಳಗಿನ ಭಾವಕ್ಕೂ ಹೊರಗಿನ ಭಾವಕ್ಕೂ ನಡುವೆ ದಿನವೂ ಸೇತುವೆ ಕಟ್ಟುವ ಈ ದುಡಿಮೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಆದರೆ ಅದರ ಆಯಾಸ ಮಾತ್ರ ಮೂಟೆ ಹೊತ್ತ ಆಯಾಸದಷ್ಟೇ ನಿಜವಾದದ್ದು.

ಈಗ ಮನೆಯ ಮಾತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಈ ಸ್ಥಿತಿಯನ್ನು ವಿವರಿಸಿತು. ಅದು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ. ಬಹುಕಾಲದ ಒತ್ತಡವನ್ನು ಸರಿಯಾಗಿ ನಿರ್ವಹಿಸಲಾಗದಾಗ ಹುಟ್ಟುವಂತಹದು. ಉದ್ಯೋಗದ ಹೊರಗಿನ ಅನುಭವಗಳಿಗೆ ಈ ಮಾತನ್ನು ಬಳಸಕೂಡದು ಎಂದು ಅಲ್ಲಿದೆ. ಶಾಸ್ತ್ರಕ್ಕೆ ಅಂತಹ ಗಡಿಗಳು ಅವಶ್ಯವಿರಬಹುದು. ಆದರೆ ನಮ್ಮ ಮನೆಯಲ್ಲಿ ನಡೆದುದನ್ನು ನೋಡಿ. ಹಾಸಿಗೆ ಹಿಡಿದಿದ್ದ ನನ್ನ ತಂದೆಯವರನ್ನು ಹಗಲೂ ರಾತ್ರಿಯೂ ನೋಡಿಕೊಳ್ಳುತ್ತಿದ್ದವಳು ನನ್ನ ಮನೆಯಾಕೆ. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಹಾಸಿಗೆ ಒಗೆಯುವುದು, ನಡುರಾತ್ರಿ ಕರೆದಾಗ ಏಳುವುದು. ಒಂದು ದಿನ ಅವಳು ಮಾವನ ಮುಂದೆ ಹಾಲಿನ ಲೋಟವನ್ನು ಕುಕ್ಕಿ ಇಟ್ಟಳು. ಹಾಲು ಚೆಲ್ಲಿತು. ಒಡನೆಯೇ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. "ನನಗೆ ಪಾಪ ಸುತ್ತಿಕೊಳ್ಳುತ್ತದೆ" ಎಂಬುದೇ ಅವಳ ಅಳುವಾಗಿತ್ತು. ನಾನು ಪರೀಕ್ಷೆಯ ಕಾಗದಗಳಿಂದ ತಲೆಯೆತ್ತಿ ನೋಡಿದೆನೇ ಹೊರತು ಎದ್ದು ಹೋಗಲಿಲ್ಲ. ನನಗಾದರೋ ಬೇಸಗೆಯ ರಜವೆಂಬುದೊಂದಿತ್ತು. ಅವಳಿಗೆ ರಜದ ಅರ್ಜಿಯನ್ನು ಕೊಡಲು ಯಾವ ಮೇಜೂ ಇರಲಿಲ್ಲ.

ಇನ್ನು ಚೇತರಿಸಿಕೊಳ್ಳುವ ವಿಚಾರ. ಎಲ್ಲರಿಗೂ ಮೊದಲು ತೋಚುವುದು ರಜ. ರಜ ಒಳ್ಳೆಯದೇ, ಆದರೆ ಅದರ ಮೇಲೆ ಇಡಬಾರದಷ್ಟು ಭರವಸೆಯನ್ನು ನಾವು ಇಡುತ್ತೇವೆ. 1997ರಲ್ಲಿ ಪ್ರಕಟವಾದ, ಇಸ್ರೇಲಿನ ಗುಮಾಸ್ತ ವರ್ಗದವರನ್ನು ಕುರಿತ ಅಧ್ಯಯನವೊಂದರಲ್ಲಿ, ರಜದ ಕಾಲದಲ್ಲಿ ಅವರ ಬಳಲಿಕೆ ಇಳಿದುದು ನಿಜವೇ ಆದರೂ, ಕೆಲಸಕ್ಕೆ ಮರಳಿದ ಮೂರು ವಾರಗಳೊಳಗಾಗಿ ಅದು ಹಿಂದಿನ ಮಟ್ಟಕ್ಕೇ ಬಂದು ನಿಂತಿತೆಂದು ತಿಳಿದುಬಂದಿತು. ವರ್ಷಕ್ಕೊಂದು ಸಾರಿ ಹೊಟ್ಟೆ ತುಂಬ ಉಂಡು ಉಳಿದ ದಿನ ಉಪವಾಸವಿರಲಾದೀತೆ? ವಿಶ್ರಾಂತಿಯೂ ಊಟದಂತೆ ದಿನದಿನದ್ದಾಗಿರಬೇಕು.

ಕೈ ಕಟ್ಟಿ ಕುಳಿತ ಮಾತ್ರಕ್ಕೆ ವಿಶ್ರಾಂತಿಯಾಯಿತೆಂದೂ ಅಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆನ್‌ಟಾಗ್ ಮತ್ತು ಆಕೆಯ ಸಹೋದ್ಯೋಗಿ 2007ರಲ್ಲಿ ಪ್ರಕಟಿಸಿದ ಲೇಖನವೊಂದು ಚೇತರಿಕೆಯ ನಾಲ್ಕು ದಾರಿಗಳನ್ನು ಹೇಳುತ್ತದೆ: ಕೆಲಸದಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು, ಸಡಿಲವಾಗಿರುವುದು, ಹೊಸದೇನನ್ನಾದರೂ ಕಲಿಯುವುದು, ಬಿಡುವಿನ ಹೊತ್ತನ್ನು ತನ್ನ ಇಷ್ಟದಂತೆ ಕಳೆಯುವ ಸ್ವಾತಂತ್ರ್ಯವಿರುವುದು. ಮೊದಲನೆಯದೇ ಇಂದು ಕಠಿನವಾದದ್ದು. ಹಿಂದಿನ ಗುಮಾಸ್ತನು ಕಚೇರಿಗೆ ಬೀಗ ಹಾಕಿ ಬರುತ್ತಿದ್ದನು. ಇಂದಿನವನ ಕಚೇರಿ ಮೊಬೈಲು ಫೋನಿನ ರೂಪದಲ್ಲಿ ಅವನ ಕಿಸೆಯಲ್ಲಿಯೇ ಇರುತ್ತದೆ. ಊಟದ ನಡುವೆ ಮಿಡಿಯುತ್ತದೆ. ದಿಂಬಿನ ಪಕ್ಕದಲ್ಲಿ ಮಲಗುತ್ತದೆ. ಸಂಜೆ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು ಅದನ್ನು ಬೇರೆ ಕೋಣೆಯಲ್ಲಿ ಇಡುವುದು ಸಣ್ಣ ಕೆಲಸ. ಆದರೆ ಒರತೆ ಒಸರುವುದು ಆ ಹೊತ್ತಿನಲ್ಲಿಯೇ.

ಹೊಸದನ್ನು ಕಲಿಯುವುದೂ ಚೇತರಿಕೆಯೆಂಬುದು ಕೆಲವರಿಗೆ ಸೋಜಿಗವೆನ್ನಿಸಬಹುದು. ದಣಿದವನಿಗೆ ಇನ್ನೊಂದು ಕೆಲಸವೇ ಎಂದು ನಾನೂ ಕೇಳಿದ್ದುಂಟು. ಅದಕ್ಕೆ ಉತ್ತರವನ್ನು ಮನೆಯಲ್ಲಿಯೇ ಕಂಡೆ. ನನ್ನ ತಂಗಿ ಬಂದು ವಾರಕ್ಕೆ ಎರಡು ಸಂಜೆ ತಂದೆಯ ಬಳಿ ಕುಳಿತುಕೊಳ್ಳುವುದಾಗಿ ಒಪ್ಪಿದ ಮೇಲೆ, ನನ್ನ ಮನೆಯಾಕೆ ನಲವತ್ತರ ವಯಸ್ಸಿನಲ್ಲಿ ವೀಣೆ ಕಲಿಯಲು ಹೊರಟಳು. ಮೊದಲ ತಿಂಗಳು ಸರಳೆಯನ್ನೂ ತಪ್ಪುತಪ್ಪಾಗಿ ನುಡಿಸುತ್ತಿದ್ದಳು. ಆದರೆ ಆ ಎರಡು ಸಂಜೆಗಳಲ್ಲಿ ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ಸ್ವರ ತಪ್ಪುವ ಒಬ್ಬ ವಿದ್ಯಾರ್ಥಿನಿ. ಹಿಂದಿರುಗಿದ ಮೇಲೆ ಮಾವನ ಹಾಸಿಗೆಯ ಬಳಿ ಅವಳ ಕೈ ಮೃದುವಾಗಿರುತ್ತಿತ್ತು. ಅದನ್ನು ಮೊದಲು ಗುರುತಿಸಿದವರು ಮಾತು ನಿಂತುಹೋಗಿದ್ದ ನನ್ನ ತಂದೆಯವರೇ ಎಂದು ನನ್ನ ನಂಬಿಕೆ. ಆ ಸಂಜೆಗಳಲ್ಲಿ ಅವರ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಮುಂದಿನದು, ಸಮಾನದುಃಖಿಗಳ ಮಾತು. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಮೈಕೇಲ್ ಬಾಲಿಂಟ್ ಎಂಬ ವೈದ್ಯನು 1950ರ ದಶಕದಲ್ಲಿ ಲಂಡನ್ನಿನ ಸಾಮಾನ್ಯ ವೈದ್ಯರನ್ನು ಸಣ್ಣ ಗುಂಪುಗಳಾಗಿ ಕೂರಿಸಿ, ತಮ್ಮನ್ನು ಕಾಡಿದ ರೋಗಿಗಳನ್ನು ಕುರಿತು ಒಬ್ಬರೊಡನೊಬ್ಬರು ಮಾತನಾಡುವಂತೆ ಮಾಡಿದನು. ರೋಗವನ್ನಷ್ಟೇ ಅಲ್ಲ, ಆ ರೋಗಿಯನ್ನು ಕಂಡಾಗ ತಮ್ಮಲ್ಲಿ ಏಳುವ ಸಿಟ್ಟು, ಅಸಹಾಯಕತೆಗಳನ್ನೂ ಅಲ್ಲಿ ಹೇಳಿಕೊಳ್ಳಬಹುದಾಗಿತ್ತು. ಆ ಪದ್ಧತಿ ಅವನ ಹೆಸರಿನಿಂದಲೇ ಇಂದಿಗೂ ಹಲವು ದೇಶಗಳಲ್ಲಿ ನಡೆದುಬಂದಿದೆ. ನಾಚಿಕೆಯೆಂಬುದು ಒಬ್ಬನೇ ಕುಳಿತಾಗ ಬೆಳೆಯುತ್ತದೆ. "ನನಗೂ ಹೀಗೆಯೇ ಆಗಿತ್ತು" ಎಂದು ಇನ್ನೊಬ್ಬನು ಹೇಳಿದೊಡನೆ ಅರ್ಧ ಕರಗುತ್ತದೆ.

ಆದರೆ ಎಲ್ಲ ಭಾರವನ್ನೂ ಬಳಲಿದವನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮ್ಯಾಸ್ಲಾಕ್ ಮೈಕೇಲ್ ಲೈಟರ್ ಎಂಬವನೊಡನೆ 1997ರಲ್ಲಿ ಬರೆದ ಗ್ರಂಥದಲ್ಲಿ ಈ ಸ್ಥಿತಿಯ ಮೂಲವನ್ನು ಮನುಷ್ಯನ ಸ್ವಭಾವಕ್ಕಿಂತ ಹೆಚ್ಚಾಗಿ ಕೆಲಸದ ಏರ್ಪಾಟಿನಲ್ಲಿ ಹುಡುಕಿದ್ದಾಳೆ. ಹೊರಲಾರದ ಹೊರೆ; ತನ್ನ ಕೆಲಸದಲ್ಲಿ ತನಗೇ ಸ್ವಾತಂತ್ರ್ಯವಿಲ್ಲದಿರುವುದು; ಮಾಡಿದುದಕ್ಕೆ ಮನ್ನಣೆಯಿಲ್ಲದಿರುವುದು; ಜೊತೆಗಾರರಲ್ಲಿ ಒಗ್ಗಟ್ಟಿಲ್ಲದಿರುವುದು; ಪಕ್ಷಪಾತ; ತನ್ನ ಮನಸ್ಸಾಕ್ಷಿ ಒಪ್ಪದ ಕೆಲಸ: ಈ ಆರು ಕಾರಣಗಳನ್ನು ಅಲ್ಲಿ ಕಾಣಬಹುದು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬನಿಂದ ಮಾಡಿಸಿ, ಅವನು ಕುಸಿದಾಗ "ಪ್ರಾಣಾಯಾಮ ಮಾಡಯ್ಯ" ಎಂದು ಬುದ್ಧಿ ಹೇಳುವುದು ಸುಲಭ. ಪ್ರಾಣಾಯಾಮ ಒಳ್ಳೆಯದೇ, ಎರಡನೆಯ ಮನುಷ್ಯನನ್ನು ನೇಮಿಸುವುದು ಅದಕ್ಕಿಂತ ಒಳ್ಳೆಯದು. ಕಚೇರಿಗಳ ಮುಖ್ಯಸ್ಥರೂ, ಮನೆಯ ಹಿರಿಯರೂ ಈ ಮಾತನ್ನು ಲಾಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಎಲ್ಲ ಬಳಲಿಕೆಯೂ ಕೆಲಸದಿಂದಲೇ ಬಂದದ್ದಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದವೂ ಹೀಗೆಯೇ ತೋರಬಹುದು. ಆದಕಾರಣ ಒಮ್ಮೆ ವೈದ್ಯರನ್ನು ಕಾಣುವುದು ಒಳ್ಳೆಯದು. ಕೆಲಸದಿಂದ ದೂರವಿದ್ದಾಗಲೂ ಯಾವುದರಲ್ಲಿಯೂ ಸಂತೋಷವಿಲ್ಲದೆ, ಊಟನಿದ್ರೆಗಳು ಕೆಟ್ಟು, ಎರಡು ವಾರಗಳಿಗೂ ಮೇಲ್ಪಟ್ಟು ಮನಸ್ಸು ಕತ್ತಲಲ್ಲಿಯೇ ಇದ್ದರೆ ಅದು ಖಿನ್ನತೆಯೆಂಬ ರೋಗವಿರಬಹುದು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ತಡಮಾಡಬಾರದು. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ, ಹಣ ತೆರದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆ ಸೇವೆಗೆ ಆಧಾರವಾಗಿ ನಿಂತಿದೆ.

ಕೊನೆಯದಾಗಿ ಆ ಹುಡುಗನ ವಿಷಯ. ನಾನು ನನ್ನ ಸಹೋದ್ಯೋಗಿಯೊಬ್ಬರಲ್ಲಿ ನಡೆದುದನ್ನೆಲ್ಲ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. "ಅರ್ಧ ಕಟ್ಟು ಕಾಗದ ನನಗೆ ಕೊಡಿ, ನಾನು ತಿದ್ದುತ್ತೇನೆ, ನಾಳೆ ಇಬ್ಬರೂ ಅವರ ಮನೆಗೆ ಹೋಗಿಬರೋಣ" ಎಂದರು. ಹೋದೆವು. ಹುಡುಗನ ತಾಯಿ "ಮೇಷ್ಟ್ರು ಬಂದಿದ್ದಾರೆ, ಚಾಪೆ ಹಾಸೋ" ಎಂದರು. ಕುಳಿತೆವು. ನಿಜವನ್ನು ಹೇಳುವುದಾದರೆ ಅಲ್ಲಿಯೂ ನನಗೆ ದುಃಖ ಬರಲಿಲ್ಲ. ಹೋಗಬೇಕಾದದ್ದು ಧರ್ಮವೆಂದು ಹೋಗಿದ್ದೆ, ಅಷ್ಟೆ. ಹೇಳಲು ಮಾತೂ ಇರಲಿಲ್ಲ. ಬರುವಾಗ ಅರ್ಜಿಯ ವಿಷಯವನ್ನೆತ್ತಿ, "ನಾನು ಹಾಗೆ ಮಾಡಬಾರದಾಗಿತ್ತಪ್ಪ" ಎಂದೆ. ಹುಡುಗನು ತಲೆ ತಗ್ಗಿಸಿ, "ಪರವಾಗಿಲ್ಲ ಸಾರ್" ಎಂದನು.

ಅಂದಿನಿಂದ ಪರೀಕ್ಷೆಯ ಕಾಗದಗಳನ್ನು ಮನೆಗೆ ತರುವುದನ್ನು ಬಿಟ್ಟೆ. ಬೆಳಗಿನ ಅರ್ಧ ಗಂಟೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬರಿಗೈಯಲ್ಲಿ ನಡೆಯತೊಡಗಿದೆ. ರಾತ್ರಿಯ ಸರದಿಯಲ್ಲಿ ತಂದೆಯವರ ಬಳಿ ನಾನೂ ಕುಳಿತೆ. ಏಳೆಂಟು ವಾರಗಳು ಕಳೆದಿರಬೇಕು. ಒಂದು ಮಧ್ಯಾಹ್ನ ತರಗತಿಯಲ್ಲಿ ಆ ಹುಡುಗನು ಯಾರದೋ ಹಾಸ್ಯಕ್ಕೆ ನಕ್ಕನು. ತಂದೆ ತೀರಿಕೊಂಡ ಮೇಲೆ ಅವನು ನಕ್ಕುದನ್ನು ನಾನು ಕಂಡದ್ದು ಅದೇ ಮೊದಲು. ಪಾಠ ಹೇಳುತ್ತಿದ್ದವನಿಗೆ ಥಟ್ಟನೆ ಗಂಟಲು ಕಟ್ಟಿತು. ಕಪ್ಪುಹಲಗೆಯ ಕಡೆಗೆ ತಿರುಗಿ ಏನನ್ನೋ ಬರೆಯುತ್ತ ನಿಂತೆ. ಬಾವಿಯಲ್ಲಿ ನೀರು ಬಂದಿತ್ತು.

ಶ್ರೋತೃಗಳೇ, ತಮ್ಮಲ್ಲಿ ಯಾರಾದರೂ ಈ ಹೊತ್ತು "ಸಾಕಾಗಿಹೋಯಿತು" ಎಂದು ಕುಳಿತಿದ್ದರೆ, ತಾವು ಕೆಟ್ಟವರಾದಿರೆಂದು ದಯಮಾಡಿ ಭಾವಿಸಬೇಡಿ. ಬಹಳ ದಿನ ಬಿಡುವಿಲ್ಲದೆ ಕೊಟ್ಟಿದ್ದೀರಿ, ಅಷ್ಟೆ. ತಮ್ಮ ಹೊರೆಯಲ್ಲಿ ಒಂದು ಭಾಗವನ್ನು ಇಳಿಸಿಕೊಳ್ಳಲು ಯಾರನ್ನಾದರೂ ಕೇಳಿ. ತಮಗೆ ಆ ಅಗತ್ಯವಿಲ್ಲದಿದ್ದರೆ, ಮನೆಯಲ್ಲಿಯೋ ಕಚೇರಿಯಲ್ಲಿಯೋ ಲೋಟವನ್ನು ಕುಕ್ಕಿದವರು ಯಾರೆಂದು ನೋಡಿ, ಎದ್ದು ಅವರ ಬಳಿಗೆ ಹೋಗಿ.